ತಟ್ಟಿದರೆ ಬಿಡಬೇಕು

ಫೆಬ್ರವರಿ 9

ದೊಡ್ಡಮ್ಮನಿಗೆ ನಮಸ್ಕಾರ.

ನಾನು ನಿಮ್ಮ ತಂಗಿಯ ಮಗಳು. ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿದವರಲ್ಲ. ನೀವು ಇದ್ದೀರಿ ಎಂಬುದು ಗೊತ್ತಾದದ್ದೇ ಸೋದರಮಾವ ಬಾಯಿ ತಪ್ಪಿ ಆಡಿದ ಮಾತಿನಿಂದ. ಅಮ್ಮ ನಿಮ್ಮ ಸುದ್ದಿ ಎತ್ತುವುದಿಲ್ಲ. ಬೇರೆಯವರು ಎತ್ತಿದರೆ ಎದ್ದು ಹೋಗುತ್ತಾಳೆ. ಆದರೆ ನೀವು ಯಾವಾಗಲೋ ಕಳಿಸಿದ ಒಂದು ಲಕೋಟೆಯನ್ನು ಒಡೆಯದೆ ಇಟ್ಟುಕೊಂಡಿದ್ದಾಳೆ. ಈ ವಿಳಾಸ ಸಿಕ್ಕಿದ್ದು ಅದರ ಹಿಂಬದಿಯಲ್ಲಿ.

ನನಗೀಗ ಇಪ್ಪತ್ತಾರು. ಹಲ್ಲಿನ ಸೆಟ್ ತಯಾರಿಸುವ ಲ್ಯಾಬಿನಲ್ಲಿ ಕೆಲಸ. ಡಾಕ್ಟರುಗಳು ಕಳಿಸುವ ಬಾಯಿ ಅಚ್ಚಿನ ಮೇಲೆ ಮೇಣದಲ್ಲಿ ಹಲ್ಲು ಕೂರಿಸುತ್ತೇನೆ. ದಿನಕ್ಕೆ ಎಂಟು ಗಂಟೆ ಬಗ್ಗಿ ಕೂತು ಕತ್ತು ಹಿಡಿದುಕೊಂಡಿದೆ, ಸೊಂಟ ನನ್ನ ಮಾತು ಕೇಳುವುದನ್ನು ಬಿಟ್ಟಿದೆ. ಏನಾದರೂ ಕಲಿಯೋಣ ಎಂದುಕೊಂಡೆ. ಮೈಗೂ ಒಳ್ಳೆಯದು, ಸ್ವಲ್ಪ ಧೈರ್ಯವೂ ಬಂದೀತು, ಕಷ್ಟಕಾಲದಲ್ಲಿ ನನ್ನನ್ನು ನಾನೇ ಕಾಪಾಡಿಕೊಳ್ಳಬಹುದು. ಇಲ್ಲಿ ಔಷಧಿ ಅಂಗಡಿಯ ಮೇಲಿನ ಮಹಡಿಯಲ್ಲಿ ಕರಾಟೆ, ಶಾಲೆಯ ಮೈದಾನದಲ್ಲಿ ಟೇಕ್ವಾಂಡೋ, ಬಸ್ ಡಿಪೋ ಹಿಂದೆ ಬಾಕ್ಸಿಂಗ್, ಒಂದು ನೆಲಮಾಳಿಗೆಯಲ್ಲಿ ಜೂಡೋ ಹೇಳಿಕೊಡುತ್ತಾರೆ. ನೀವು ಮೂವತ್ತು ವರ್ಷ ಜೂಡೋ ಕಲಿಸಿದವರಂತೆ. ನಾಲ್ಕರಲ್ಲಿ ಬೇಗ ಕೈಗೆ ಹತ್ತುವುದು ಯಾವುದು, ಹೇಳಿ.

ಉತ್ತರವನ್ನು ಮನೆಗೆ ಕಳಿಸಬೇಡಿ. ಕೆಳಗೆ ಬರೆದಿರುವ ಇಸ್ತ್ರಿ ಅಂಗಡಿಗೆ ಕಳಿಸಿದರೆ ನನಗೆ ಸಿಗುತ್ತದೆ.

ನಿಮ್ಮ ತಂಗಿಯ ಮಗಳು


ಫೆಬ್ರವರಿ 20

ತಂಗಿಯ ಮಗಳೇ,

ಕೇಳಿದ್ದಕ್ಕೆ ಮೊದಲು ಉತ್ತರ. ಕರಾಟೆಯಿಂದ ಬೆನ್ನು ನೆಟ್ಟಗಾಗುತ್ತದೆ, ಶಿಸ್ತು ಬರುತ್ತದೆ. ಆದರೆ ಬಹಳ ದಿನ ಗಾಳಿಯನ್ನೇ ಹೊಡೆಯಬೇಕು. ಗಾಳಿ ತಿರುಗಿ ಹೊಡೆಯುವುದಿಲ್ಲವಾದ್ದರಿಂದ ಎಲ್ಲರೂ ತಾವೇ ಶೂರರು ಎಂದುಕೊಳ್ಳುತ್ತಾರೆ. ಟೇಕ್ವಾಂಡೋ ಕಲಿತರೆ ಕಾಲು ಹಗುರಾಗುತ್ತದೆ, ಸೊಂಟ ಸಡಿಲಾಗುತ್ತದೆ. ಇಕ್ಕಟ್ಟು ಕೋಣೆಯಲ್ಲಿ ಕಾಲೆತ್ತಿದರೆ ಮಾತ್ರ ಮೊದಲು ಒಡೆಯುವುದು ಬಲ್ಬು. ಬಾಕ್ಸಿಂಗ್ ಬೇಗ ಬರುತ್ತದೆ, ಉಸಿರು ಗಟ್ಟಿಯಾಗುತ್ತದೆ. ಆದರೆ ಅಲ್ಲಿ ಏಟು ಕೊಡುವುದಕ್ಕಿಂತ ಮುಂಚೆ ತಿನ್ನಬೇಕು. ಊರಿಗೆಲ್ಲ ಹಲ್ಲು ಮಾಡಿಕೊಡುವವಳು ತನ್ನದೇ ಹಲ್ಲು ಉದುರಿಸಿಕೊಂಡರೆ ನಗೆಪಾಟಲು.

ಜೂಡೋ ಬೇಗ ಬರುವುದಿಲ್ಲ. ಜೂಡೋಗೇ ಸೇರು.

ಇನ್ನು ನಾನು ಕೇಳುವುದು. ಅಂಗೈ ಹುಣ್ಣಿಗೆ ಕನ್ನಡಿ ಬೇಕೇ? ಸೊಂಟನೋವಿನವರು ‘ಒಳ್ಳೆಯದು ಯಾವುದು’ ಎಂದು ಕೇಳುತ್ತಾರೆ. ‘ಬೇಗ ಬರುವುದು ಯಾವುದು’ ಎಂದು ಕೇಳುವವರು ಏಟು ತಿಂದವರು. ಯಾರು ಹೊಡೆದರು? ಎಲ್ಲಿ? ಮುಚ್ಚಿಡದೆ ಬರಿ.

ಲಕೋಟೆಯ ಸಂಗತಿ ಬರೆದಿದ್ದೀಯಲ್ಲ, ಆ ಸಾಲನ್ನು ನಾಲ್ಕು ಸಲ ಓದಿದೆ. ಹರಿದು ಎಸೆಯಲಿಲ್ಲ ಎಂದಾಯಿತು. ಎಲ್ಲಿಟ್ಟಿದ್ದಾಳೆ? ಸೀರೆಗಳ ಮಧ್ಯೆಯೇ?

ದೊಡ್ಡಮ್ಮ


ಮಾರ್ಚ್ 1

ದೊಡ್ಡಮ್ಮ,

ನಿಮ್ಮ ಹತ್ತಿರ ಸುಳ್ಳು ನಡೆಯುವುದಿಲ್ಲ ಎಂದು ಗೊತ್ತಾಯಿತು. ಹೇಳುತ್ತೇನೆ.

ನಮ್ಮ ಲ್ಯಾಬಿನ ಸೂಪರ್‌ವೈಸರನ್ನು ನಾವು ಬೆನ್ನ ಹಿಂದೆ ದವಡೆ ಎನ್ನುತ್ತೇವೆ; ಮಾತು ಮುಗಿದ ಮೇಲೂ ಅವನ ದವಡೆ ಆಡುತ್ತಲೇ ಇರುತ್ತದೆ. ಜನವರಿಯಲ್ಲಿ ಒಬ್ಬ ಅಜ್ಜಿಯ ಮೇಲಿನ ಸೆಟ್ಟಿನ ಜೊತೆ ಇನ್ಯಾರದೋ ಕೆಳಗಿನ ಸೆಟ್ಟು ಸೇರಿ ಡಾಕ್ಟರ ಬಳಿಗೆ ಹೋಯಿತು. ಪಾಪ, ಅಜ್ಜಿಗೆ ಹಾಕಿದ ಮೇಲೆ ಬಾಯಿ ಮುಚ್ಚಲೇ ಆಗಲಿಲ್ಲವಂತೆ. ಡಬ್ಬಿಗಳ ಮೇಲೆ ಚೀಟಿ ಬರೆದು ಅಂಟಿಸುವವನು ದವಡೆ. ಅದಲುಬದಲು ಮಾಡಿದವನೂ ಅವನೇ. ಆದರೆ ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಡಬ್ಬಿಯನ್ನು ನನ್ನ ಮೇಜಿನ ಮೇಲೆ ಕುಕ್ಕಿ, “ಕಣ್ಣೇನು ಮನೇಲಿ ಬಿಟ್ಟು ಬರ್ತೀಯಾ?” ಎಂದ. “ಸಾರ್, ಚೀಟಿ ನಿಮ್ಮ ಕೈಬರಹದ್ದು...” ಎಂದೆ. ಮಾತು ಮುಗಿದಿರಲಿಲ್ಲ, ಎಡಗೆನ್ನೆಗೆ ಬಿತ್ತು.

ಕೋಣೆಯಲ್ಲಿ ಹನ್ನೊಂದು ಜನ ಇದ್ದರು. ಪಾಲಿಶ್ ಮಾಡುವ ಯಂತ್ರವನ್ನು ಯಾರೋ ನಿಲ್ಲಿಸಿದರು. ಪ್ಲಾಸ್ಟರ್ ಕಲಸುವ ಅಕ್ಕ ನೀರು ತಂದುಕೊಟ್ಟು, “ಹೋಗ್ಲಿ ಬಿಡೆ, ತಂದೆ ಸಮಾನ” ಎಂದಳು. ನನ್ನ ತಂದೆ ಸಾಯುವವರೆಗೂ ನನ್ನ ಮೇಲೆ ಕೈ ಎತ್ತಿದವರಲ್ಲ. ಮಾಲೀಕರಿಗೆ ಹೇಳಿದೆ. “ಇಬ್ಬರೂ ಕೈ ಕುಲುಕಿ ಮುಗಿಸ್ಕೊಳ್ಳಿ” ಎಂದರು. ಕುಲುಕಿದೆ, ದೊಡ್ಡಮ್ಮ. ಅದೇ ಕೈಯನ್ನು ಕುಲುಕಿದೆ. ಆಮೇಲೆ ಸೋಪು ಹಾಕಿ ಮೂರು ಸಲ ತೊಳೆದುಕೊಂಡೆ.

ಈಗ ಅವನಿಗೊಂದು ಹೊಸ ಆಟ ಸಿಕ್ಕಿದೆ. ನನ್ನ ಮೇಜಿನ ಹತ್ತಿರ ಬಂದಾಗ ಹೊಡೆಯುವವನಂತೆ ಕೈ ಎತ್ತುತ್ತಾನೆ, ನಾನು ಬೆಚ್ಚಿದ ತಕ್ಷಣ ಅದೇ ಕೈಯಿಂದ ತನ್ನ ಕಿವಿ ಕೆರೆದುಕೊಳ್ಳುತ್ತಾನೆ. ಎಲ್ಲರೂ ನಗುತ್ತಾರೆ.

ನನಗೆ ಬೇಕಾದದ್ದು ಇಷ್ಟೇ. ಅದೇ ಕೋಣೆ, ಅದೇ ಹನ್ನೊಂದು ಜನ, ಅವನ ಕೆನ್ನೆ. ನೀವು ಹೇಳಿದಿರೆಂದು ಜೂಡೋಗೆ ಹೆಸರು ಕೊಟ್ಟಿದ್ದೇನೆ. ಅಮ್ಮನಿಗೆ ಏಟಿನ ವಿಷಯವೂ ಗೊತ್ತಿಲ್ಲ, ಜೂಡೋ ವಿಷಯವೂ ಗೊತ್ತಿಲ್ಲ. ಸಂಜೆ ಹೊಲಿಗೆ ಕಲಿಯಲು ಹೋಗುತ್ತೇನೆ ಎಂದಿದ್ದೇನೆ.

ನಿಮ್ಮ ಮಗಳು


ಮಾರ್ಚ್ 14

ಮಗಳೇ,

ನಿನ್ನ ಪತ್ರ ಓದಿ ನನ್ನ ಕೈ ತುರಿಸಿತು. ಮರೆತುಬಿಡು, ದೊಡ್ಡವಳಾಗು ಎಂದೆಲ್ಲ ನಾನು ಬರೆಯುವವಳಲ್ಲ. ಆ ಉಪದೇಶಕ್ಕೆ ಬೇರೆಯವರನ್ನು ನೋಡಿಕೋ. ಉಪ್ಪು ತಿಂದವನು ನೀರು ಕುಡಿಯಲೇಬೇಕು. ದವಡೆಯೂ ಕುಡಿಯುತ್ತಾನೆ, ನಾವು ಕುಡಿಸೋಣ.

ಆದರೆ ಆತುರ ಬೇಡ. ಮೊದಲ ಮೂರು ತಿಂಗಳು ಬರೀ ಬೀಳುವುದನ್ನು ಕಲಿಸುತ್ತಾರೆ. ಮುಂದಕ್ಕೆ ಬೀಳು, ಹಿಂದಕ್ಕೆ ಬೀಳು, ಪಕ್ಕಕ್ಕೆ ಬೀಳು. ನಾಚಿಕೆಪಡದೆ ಬೀಳು. ಗಲ್ಲವನ್ನು ಎದೆಗೆ ಒತ್ತಿಕೋ, ತಲೆ ನೆಲಕ್ಕೆ ತಾಗಬಾರದು. ಬಿದ್ದರೆ ಏನೂ ಆಗುವುದಿಲ್ಲ ಎಂದು ಮೈಗೆ ತಿಳಿದ ದಿನ ನೀನು ಬೆಚ್ಚುವುದು ನಿಲ್ಲುತ್ತದೆ. ಅವನ ಆಟ ಅರ್ಧ ಅಲ್ಲೇ ಸತ್ತಂತೆ.

ಇನ್ನೊಂದು ನಿಯಮ. ಇದನ್ನು ಮಾತ್ರ ಎದೆಯಲ್ಲಿ ಬರೆದುಕೋ. ಎದುರಿನವರಿಗೆ ತಡೆಯಲಾಗದಿದ್ದರೆ ಎರಡು ಸಲ ತಟ್ಟುತ್ತಾರೆ, ನೆಲಕ್ಕೋ ನಿನ್ನ ಮೈಗೋ. ತಟ್ಟಿದ ತಕ್ಷಣ ಬಿಡಬೇಕು. ಯಾರೇ ಆಗಿರಲಿ, ಎಷ್ಟೇ ಸಿಟ್ಟಿರಲಿ, ಬಿಡಬೇಕು. ಯೋಚಿಸಿ ಬಿಡುವುದಲ್ಲ, ಕೈ ತಾನಾಗಿ ಬಿಚ್ಚಿಕೊಳ್ಳಬೇಕು. ಅಷ್ಟು ಅಭ್ಯಾಸ ಮಾಡು.

ಅಮ್ಮ ಹೇಗಿದ್ದಾಳೆ? ಲಕೋಟೆ ಎಲ್ಲಿದೆ ಎಂದು ಕೇಳಿದ್ದೆ, ನೀನು ಬರೆಯಲಿಲ್ಲ.

ದೊಡ್ಡಮ್ಮ


ಜೂನ್ 22

ದೊಡ್ಡಮ್ಮ,

ಮೂರು ತಿಂಗಳು ಬರೆಯಲಿಲ್ಲ. ಬೀಳುತ್ತಿದ್ದೆ. ಮೊಣಕಾಲು, ಭುಜ, ಎಲ್ಲ ನೀಲಿಗಟ್ಟಿ, ಹೊಲಿಗೆ ಕಲಿಯುವವಳಿಗೆ ಇಷ್ಟು ಪೆಟ್ಟಾಗುವುದು ಹೇಗೆ ಎಂದು ಅಮ್ಮ ಎರಡು ಸಲ ಕೇಳಿದಳು. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ನಾನು ಹೊಲಿಗೆ ಯಂತ್ರದ ಸ್ಟೂಲು ಡೊಂಕು ಎಂದೆ.

ಕಲಿಸುವವಳು ಹಗಲೆಲ್ಲ ಬೀಗ ರಿಪೇರಿ ಅಂಗಡಿ ನಡೆಸುವ ದಪ್ಪನೆಯ ಹೆಂಗಸು. ಅವಳನ್ನು ಎಲ್ಲರೂ ಬೀಗದಕ್ಕ ಎನ್ನುತ್ತಾರೆ. ನಿಜ ಹೇಳಬೇಕೆಂದರೆ ಕತ್ತುನೋವು ಹೋಗಿದೆ. ಮೂರು ಮಹಡಿ ಹತ್ತಿದರೂ ಏದುಸಿರಿಲ್ಲ. ಹಾಸಿಗೆಗೆ ತಲೆ ಕೊಟ್ಟರೆ ನಿದ್ದೆ. ಹೋದ ವಾರ ದವಡೆ ಕೈ ಎತ್ತಿದಾಗ ನಾನು ಮೇಣದ ಮೇಲಿನ ಕಣ್ಣು ತೆಗೆಯಲಿಲ್ಲ. ಕಿವಿ ಕೆರೆದುಕೊಂಡು ಸುಮ್ಮನೆ ಹೋದ. ಆ ದಿನ ಯಾರೂ ನಗಲಿಲ್ಲ.

ಇದನ್ನೆಲ್ಲ ನಿಮಗೆ ಖುಷಿಯಾಗಲಿ ಎಂದು ಬರೆಯುತ್ತಿಲ್ಲ. ನಿನ್ನೆ ಬೀಗದಕ್ಕನನ್ನು ಕೇಳಿದೆ: “ಅಕ್ಕಾ, ಕಪಾಳಕ್ಕೆ ಹೊಡೆಯೋದನ್ನ ಯಾವಾಗ ಹೇಳ್ಕೊಡ್ತೀರ?” ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಳು. “ಜೂಡೋದಲ್ಲಿ ಹೊಡೆತ ಎಲ್ಲಿಂದ ಬಂತೇ? ಹಿಡಿಯೋದು, ಬೀಳ್ಸೋದು, ಒತ್ತೋದು ಅಷ್ಟೇ. ಯಾರು ನಿನ್ನ ಇಲ್ಲಿಗೆ ಕಳಿಸಿದ್ದು?”

ನೀವು ಕಳಿಸಿದ್ದು. ಮೂವತ್ತು ವರ್ಷ ಕಲಿಸಿದವರಿಗೆ ಇದು ಗೊತ್ತಿರಲಿಲ್ಲವೇ? ಕೆನ್ನೆಗೆ ಹೊಡೆಯಬೇಕು ಎಂದವಳನ್ನು ಹೊಡೆತವೇ ಇಲ್ಲದ ಕಡೆಗೆ ಅಟ್ಟಿದಿರಿ. ನಿಧಾನಕ್ಕೆ ಸಿಟ್ಟು ಇಳಿಯಲಿ ಎಂದಲ್ಲವೇ? “ನಾವು ಕುಡಿಸೋಣ” ಎಂದು ಬರೆದದ್ದು ನನ್ನ ಬೆನ್ನು ಸವರಲಿಕ್ಕೆ. ಊರಿನವರೆಲ್ಲ ಮಾಡಿದ್ದನ್ನೇ ನೀವೂ ಮಾಡಿದಿರಿ, ಇನ್ನೂ ನಯವಾಗಿ.

ಹಾಗಾದರೆ ನಾನೂ ಒಂದು ಸತ್ಯ ಹೇಳುತ್ತೇನೆ. ನಿಮ್ಮ ಲಕೋಟೆ ಸೀರೆಗಳ ಮಧ್ಯೆ ಇರಲಿಲ್ಲ. ಅಲಮಾರಿಯ ಒಂದು ಕಾಲು ಮೋಟು. ಅದು ಅಲ್ಲಾಡದಿರಲಿ ಎಂದು ಅಮ್ಮ ಆ ಲಕೋಟೆಯನ್ನು ನಾಲ್ಕಾಗಿ ಮಡಿಚಿ ಅದರ ಕೆಳಗೆ ಇಟ್ಟಿದ್ದಳು.

ಬೀಗದಕ್ಕ ತೋಳುಪಟ್ಟು ತೋರಿಸಿದ್ದಾಳೆ. ಮಣಿಕಟ್ಟು ಹಿಡಿದು, ಮೊಣಕೈಯ ಮೇಲೆ ಭಾರ ಹಾಕುವುದು. ಅದು ನನಗೆ ಚೆನ್ನಾಗಿ ಬರುತ್ತದೆ. ಕೆನ್ನೆ ಸಿಗದಿದ್ದರೆ ತೋಳಾದರೂ ಸಿಗಲಿ. ಹೊಡೆದದ್ದು ಆ ತೋಳೇ ತಾನೇ?


ಜುಲೈ 2

ಮಗಳೇ,

ಬೈದದ್ದೆಲ್ಲ ಸರಿ. ನಿಧಾನವಾಗಲಿ ಎಂದೇ ಕಳಿಸಿದೆ.

ತೋಳಿಗೆ ಮಾತ್ರ ಕೈ ಹಾಕಬೇಡ. ಬೇಕಾದರೆ ನಾಳೆಯೇ ಹೋಗಿ ಅವನ ಕೆನ್ನೆಗೆ ಬಾರಿಸು, ಹಲ್ಲು ಉದುರಿದರೆ ನೀನೇ ಸೆಟ್ಟು ಮಾಡಿಕೊಡು, ನಾನು ಚಪ್ಪಾಳೆ ಹೊಡೆಯುತ್ತೇನೆ. ತೋಳು ಬೇಡ. ಯಾಕೆ ಎಂದು ಕೇಳಬೇಡ.

ದೊಡ್ಡಮ್ಮ


ಆಗಸ್ಟ್ 18

ದೊಡ್ಡಮ್ಮ,

ಯಾಕೆ ಎಂದು ನೀವು ಹೇಳಲಿಲ್ಲ, ಹಾಗಾಗಿ ನಾನು ನಿಮ್ಮ ಮಾತು ಕೇಳಲೂ ಇಲ್ಲ. ವಯಸ್ಸಾದವರ ಪುಕ್ಕಲುತನ ಎಂದುಕೊಂಡೆ.

ಮೊನ್ನೆ ಬೆಳಗ್ಗೆ ದವಡೆ ಒಂದು ಡಬ್ಬಿ ತಂದ. ಮತ್ತೆ ಅದಲುಬದಲು, ಮತ್ತೆ ಅವನದೇ ಚೀಟಿ. “ನಿನಗೆ ಎಷ್ಟು ಸಲ ಹೇಳ್ಬೇಕು?” ಎಂದು ಬೆರಳಿನಿಂದ ನನ್ನ ಹಣೆಗೆ ತಿವಿದ. ಹನ್ನೊಂದು ಜನವೂ ಇದ್ದರು, ನಾನು ಒಬ್ಬೊಬ್ಬರನ್ನೇ ನೋಡಿಕೊಂಡೆ. ಎರಡನೇ ಸಲ ತಿವಿಯಲು ಬಂದ ಕೈಯ ಮಣಿಕಟ್ಟನ್ನು ಹಿಡಿದೆ. ಆಮೇಲಿನದು ಕಣ್ಣು ಮಿಟುಕಿಸುವಷ್ಟರಲ್ಲಿ ಆಯಿತು. ಅವನ ಎದೆ ಮೇಜಿನ ಮೇಲೆ, ಮುಖ ಪ್ಲಾಸ್ಟರ್ ದವಡೆಗಳ ಮಧ್ಯೆ, ನೆಟ್ಟಗಾದ ತೋಳು ನನ್ನ ಕಂಕುಳಲ್ಲಿ.

“ಚೀಟಿ ಯಾರ ಕೈಬರಹ? ಎಲ್ಲರಿಗೂ ಕೇಳೋ ಹಾಗೆ ಹೇಳಿ” ಎಂದೆ. ಸ್ವಲ್ಪ ಭಾರ ಹಾಕಿದೆ. ಅವನು “ಅಯ್ಯೋ, ಅಯ್ಯೋ” ಎಂದ. ಇನ್ನೊಂದಿಷ್ಟು ಹಾಕಿದೆ. “ಹೇಳ್ತೀನಿ, ಅದು...” ಎಂದು ಬಾಯಿ ತೆರೆದ. ಬರುತ್ತಿತ್ತು ದೊಡ್ಡಮ್ಮ, ಆ ಮಾತು ಹೊರಗೆ ಬರುತ್ತಿತ್ತು. ಅಷ್ಟರಲ್ಲಿ ನೋವು ತಾಳಲಾರದೆ ಇನ್ನೊಂದು ಕೈಯಿಂದ ಮೇಜಿಗೆ ಬಡಿದ.

ಎರಡು ಸಲ.

ಅವನಿಗೆ ಜೂಡೋ ಎಂದರೇನೆಂದೇ ಗೊತ್ತಿಲ್ಲ. ಅವನು ಬಡಿದದ್ದು ನೋವಿಗೆ. ಆದರೆ ನನ್ನ ಕೈ ಬಿಚ್ಚಿಕೊಂಡಿತು. ನಾನು ಬಿಡಲಿಲ್ಲ, ಅದೇ ಬಿಟ್ಟಿತು. ಅವನು ಎದ್ದು ಅಂಗಿಯ ಪ್ಲಾಸ್ಟರ್ ಪುಡಿ ಕೊಡವಿಕೊಂಡು, “ನೋಡಿದ್ರಾ, ಇಷ್ಟೇ ಇವಳ ಧೈರ್ಯ” ಎಂದ. ಇಬ್ಬರು ಮೂವರು ನಕ್ಕರು. ಮಾಲೀಕರು ನನ್ನನ್ನು ಎರಡು ವಾರ ಬರಬೇಡ ಎಂದಿದ್ದಾರೆ.

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಅದಕ್ಕೆ ಕಾರಣ ನೀವು. ನಿಮ್ಮ ನಿಯಮ ನನ್ನ ಕೈಗೆ ಬೀಗ ಹಾಕಿತು. ಎದೆಯಲ್ಲಿ ಬರೆದುಕೋ ಎಂದಿರಿ, ಮುಠ್ಠಾಳಳಂತೆ ಬರೆದುಕೊಂಡೆ. ಇನ್ನು ಮೇಲೆ ಬರೆಯಬೇಡಿ.


ಆಗಸ್ಟ್ 27

ಮಗಳೇ,

ಬರೆಯಬೇಡಿ ಎಂದಿದ್ದೀಯ. ಇದೊಂದನ್ನು ಓದಿ ಆಮೇಲೆ ಒಲೆಗೆ ಹಾಕು.

ನಿನ್ನ ಅಮ್ಮನ ಬಲ ಮೊಣಕೈ ಅರ್ಧಕ್ಕಿಂತ ಹೆಚ್ಚು ಮಡಚುವುದಿಲ್ಲ. ಮೆಟ್ಟಿಲಿನಿಂದ ಬಿದ್ದದ್ದು ಎಂದು ನಿನಗೆ ಹೇಳಿರಬೇಕು. ಆಗ ಆಸ್ಪತ್ರೆಯಲ್ಲೂ ಹಾಗೆಯೇ ಬರೆಸಿದರು. ಅದನ್ನು ಮುರಿದದ್ದು ನಾನು.

ನಾವಿಬ್ಬರೂ ಒಬ್ಬರೇ ಗುರುಗಳ ಬಳಿ ಜೂಡೋ ಕಲಿತವರು. ಅವಳು ನನಗಿಂತ ಚುರುಕು. ತಂಡಕ್ಕೆ ಆಯ್ಕೆ ಮಾಡುವ ವರ್ಷ ನಾನು ಕಡಿಮೆ ತೂಕದ ಗುಂಪಿಗೆ ಇಳಿಯಬೇಕೆಂದು ಹತ್ತು ದಿನ ಊಟ ಬಿಟ್ಟು, ಮಾತ್ರೆ ನುಂಗಿ ಮೈಯ ನೀರೆಲ್ಲ ಇಳಿಸುತ್ತಿದ್ದೆ. ಎರಡು ಸಲ ಬಚ್ಚಲಲ್ಲಿ ತಲೆ ತಿರುಗಿ ಬಿದ್ದೆ. ಅವಳು ಹೋಗಿ ಗುರುಗಳಿಗೆ ಹೇಳಿದಳು. ನನ್ನ ಹೆಸರು ಹೊಡೆದುಹಾಕಿದರು. ಆ ಜಾಗಕ್ಕೆ ಅವಳ ಹೆಸರು ಬಂತು.

ಚಾಡಿ ಹೇಳಿ ಜಾಗ ಕಿತ್ತುಕೊಂಡಳು ಎಂದು ನನ್ನ ಹೊಟ್ಟೆ ಉರಿಯಿತು. ಆರು ದಿನ ಅವಳ ಜೊತೆ ನಗುನಗುತ್ತಾ ಇದ್ದೆ. ಏಳನೆಯ ದಿನ ಅಭ್ಯಾಸದಲ್ಲಿ ಅವಳ ತೋಳು ನನ್ನ ಕೈಗೆ ಸಿಕ್ಕಿತು. ಅವಳು ಎರಡು ಸಲ ತಟ್ಟಿದಳು. ನನಗೆ ಕೇಳಿಸಿತು. ಕೇಳಿಸಿತು ಕಣೇ. ಬಿಡಲಿಲ್ಲ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಸಾಯುತ್ತೇನೆಂಬ ಭಯಕ್ಕೆ ಅವಳು ಗುರುಗಳ ಬಳಿ ಹೋದದ್ದು ಎಂಬುದು ನನಗೆ ಹೊಳೆಯಲು ಬಹಳ ವರ್ಷ ಹಿಡಿಯಿತು. ಹೊಳೆದ ದಿನ ಬರೆದ ಪತ್ರವೇ ಅಲಮಾರಿಯ ಕಾಲ ಕೆಳಗಿನದು.

ನಿನಗೆ ಆ ನಿಯಮ ಹೇಳಿದ್ದು ಅವನು ಬದುಕಲಿ ಎಂದಲ್ಲ. ಅವನ ತೋಳು ಮುರಿದರೆ ನನಗೇನು? ನೀನು ನನ್ನ ಹಾಗೆ ಆಗಬಾರದು ಎಂದಷ್ಟೇ ಹೇಳಿದೆ. ನಿನ್ನ ಕೈ ಬಿಟ್ಟಿತು ಎಂದು ಓದಿದಾಗ ಕುರ್ಚಿಯಲ್ಲಿ ಕೂತು ಅತ್ತುಬಿಟ್ಟೆ. ನೀನು ಬೈದದ್ದಕ್ಕಲ್ಲ.

ಅಮ್ಮನಿಗೆ ಇದನ್ನು ತೋರಿಸುವುದು ಬಿಡುವುದು ನಿನ್ನಿಷ್ಟ. ತೋರಿಸಿದರೆ ಒಂದು ಮಾತು ಕೇಳು. ನಾನು ಬರಲೇ? ಒಳಗೆ ಕರೆಯಬೇಕೆಂದಿಲ್ಲ. ಒಂದು ಸಲ ನೋಡಿ ಹೊರಡುತ್ತೇನೆ.

ದೊಡ್ಡಮ್ಮ


ಸೆಪ್ಟೆಂಬರ್ 15

ದೊಡ್ಡಮ್ಮ,

ಮೊದಲು ದವಡೆಯ ಸಂಗತಿ ಮುಗಿಸಿಬಿಡುತ್ತೇನೆ. ಎರಡು ವಾರ ಕಳೆದು ಲ್ಯಾಬಿಗೆ ಹೋದೆ. ಪಾಲಿಶ್ ಯಂತ್ರವನ್ನು ನಾನೇ ನಿಲ್ಲಿಸಿದೆ. ಎರಡು ಡಬ್ಬಿಗಳ ಚೀಟಿಯನ್ನೂ ಅವನ ಹಾಜರಿ ಪುಸ್ತಕವನ್ನೂ ಮೇಜಿನ ಮೇಲೆ ಅಕ್ಕಪಕ್ಕ ಇಟ್ಟು, ಎಲ್ಲರೂ ಬಂದು ನೋಡಿ ಎಂದೆ. ನೋಡಿದರು. ದವಡೆ ಹಲ್ಲುಗಿಂಜುತ್ತಾ ತನ್ನ ಹಳೆಯ ಆಟದಂತೆ ಕೈ ಎತ್ತಿದ. ಅದು ಅವನ ಕಿವಿಯನ್ನು ಮುಟ್ಟುವುದರೊಳಗೆ ನಾನು ಬಾರಿಸಿದೆ. ಎಡಗೆನ್ನೆಗೆ, ಒಂದೇ ಒಂದು. ತೋಳಿನ ತಂಟೆಗೆ ಹೋಗಲಿಲ್ಲ. ಅದಕ್ಕೆ ಯಾವ ಕಲೆಯೂ ಬೇಕಿರಲಿಲ್ಲ ದೊಡ್ಡಮ್ಮ, ಜನವರಿಯಲ್ಲೇ ಕೊಡಬಹುದಿತ್ತು. ಆಗ ಕೈ ಏಳುತ್ತಿರಲಿಲ್ಲ, ಅಷ್ಟೇ.

ಏಪ್ರನ್ ಕಳಚಿಟ್ಟು ಹೊರಟೆ. ಪ್ಲಾಸ್ಟರ್ ಅಕ್ಕ ಮೆಟ್ಟಿಲವರೆಗೂ ಓಡಿಬಂದು, “ಇನ್ನೊಂದು ಹಾಕ್ಬೇಕಿತ್ತು ಕಣೆ, ನನ್ನ ಪಾಲಿಂದು” ಎಂದಳು. ಕೆಲಸ ಹೋಯಿತು, ಬೇರೆ ಹುಡುಕುತ್ತಿದ್ದೇನೆ. ಸಮಾಧಾನವಾಯಿತೇ ಎಂದು ಕೇಳಿದರೆ, ಆಯಿತು. ಹೊಟ್ಟೆ ತಣ್ಣಗಾಯಿತು. ಆಗಲಿಲ್ಲ ಎಂದು ಸುಳ್ಳು ಹೇಳಲಾರೆ.

ಈಗ ಅಮ್ಮನ ಸಂಗತಿ. ನಿಮ್ಮ ಪತ್ರವನ್ನು ಹತ್ತು ದಿನ ಬ್ಯಾಗಿನಲ್ಲಿಟ್ಟುಕೊಂಡು ತಿರುಗಿದೆ. ನಿಮ್ಮ ಮೇಲೆ ನನಗೇ ಎಷ್ಟು ರೋಷ ಬಂದಿತೆಂದರೆ, ಸುಟ್ಟುಬಿಡೋಣ ಎನ್ನಿಸಿತು. ಕೊನೆಗೆ ಅಮ್ಮನ ಮುಂದೆ ಇಟ್ಟೆ. ಮುಟ್ಟಲಿಲ್ಲ. “ಓದು” ಎಂದಳು. ಓದಿದೆ. ಮಧ್ಯದಲ್ಲಿ ಒಂದೇ ಕಡೆ ತಡೆದಳು.

“ಎರಡು ಸಲ ಅಂತ ಬರ್ದಿದ್ದಾಳಾ?”

“ಹೂಂ.”

“ಏಳು ಸಲ. ಏಳು ಸಲ ತಟ್ಟಿದೀನಿ. ಬರೆದು ಹಾಕು ಅವಳಿಗೆ.”

ಬರೆದಿದ್ದೇನೆ.

ಓದಿ ಮುಗಿಸಿದ ಮೇಲೆ, ನೀವು ಬರಲೇ ಎಂದು ಕೇಳಿದ ಸಾಲನ್ನು ಇನ್ನೊಮ್ಮೆ ಓದಿಸಿದಳು. ಬೇಡ ಎನ್ನುತ್ತಾಳೆ ಎಂದೇ ನಾನು ಕಾಗದ ಮಡಿಚತೊಡಗಿದ್ದೆ.

“ಬರ್ಲಿ” ಎಂದಳು.

ನನಗೆ ನಂಬಿಕೆಯಾಗಲಿಲ್ಲ. ಅಮ್ಮ ಬಲಗೈಯನ್ನು ತಲೆಯ ಹಿಂದಕ್ಕೆ ಒಯ್ಯಲು ನೋಡಿದಳು, ಅದು ಎದೆಯ ಮಟ್ಟದಲ್ಲೇ ನಿಂತಿತು. ಅವಳ ಕೂದಲು ಈಗಲೂ ಸೊಂಟದವರೆಗಿದೆ, ನಿಮಗೆ ಗೊತ್ತಿರಲಿಕ್ಕಿಲ್ಲ. ಕತ್ತರಿಸು ಎಂದು ಎಷ್ಟು ಸಲ ಹೇಳಿದರೂ ಕತ್ತರಿಸಲಿಲ್ಲ. ಮೊದಲು ಅಪ್ಪ ಜಡೆ ಹಾಕುತ್ತಿದ್ದರು, ನನಗೆ ಏಳು ವರ್ಷವಾದ ಮೇಲೆ ನಾನು.

“ಬಂದು ನನ್ನ ಜಡೆ ಹಾಕ್ಲಿ. ದಿನಾ ಬೆಳಗ್ಗೆ ಎದ್ದು ಹಾಕ್ಲಿ. ನಾನು ಸಾಕು ಅನ್ನೋವರೆಗೂ ಹಾಕ್ಲಿ.”

“ಸಾಕು ಅಂತ ಯಾವಾಗ ಅಂತೀಯಮ್ಮ?”

“ಅನ್ನಲ್ಲ.”

ಇದು ಕರೆಯೋ ಶಿಕ್ಷೆಯೋ ನನಗೆ ತಿಳಿಯುತ್ತಿಲ್ಲ. ಅಮ್ಮನನ್ನು ಕೇಳುವ ಧೈರ್ಯ ನನ್ನ ಆರು ತಿಂಗಳ ಜೂಡೋದಿಂದಲೂ ಬಂದಿಲ್ಲ. ನೀವು ಹೊರಡುವ ಮುಂಚೆ ತಿಳಿದಿರಲಿ ಎಂದು ಅವಳು ಆಡಿದ ಹಾಗೆಯೇ ಬರೆದಿದ್ದೇನೆ. ಬರುವ ಟಿಕೆಟ್ ಒಂದೇ ತೆಗೆದುಕೊಳ್ಳಬೇಕಂತೆ, ಹೋಗುವುದು ಬೇಡವಂತೆ.

ನಿಮ್ಮ ತಂಗಿಯ ಮಗಳು